ಬೆಟ್ಟಕ್ಕೆ ಎಷ್ಟು ನೀರು ಹಾಕಬೇಕು?

ಬೇಸಿಗೆ ರಜೆಗೆ ಅಕ್ಕನ ಮಗಳು ಪುಟ್ಟಿ ಚಿಕ್ಕಬಳ್ಳಾಪುರಕ್ಕೆ, ನಮ್ಮನೆಗೆ ಬಂದಿದ್ದಳು. ಆರನೇ ಕ್ಲಾಸು ಮುಗಿದಿತ್ತು. ಹುಟ್ಟುಹಬ್ಬಕ್ಕೆ ಯಾರೋ ವಾಟರ್ ಕಲರ್ ಡಬ್ಬಿ ಕೊಟ್ಟಿದ್ದರು. ಬಂದ ದಿನವೇ ಒಂದು ಬೆಟ್ಟ ಬರೆದಳು. ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನ ಹಾಗೆ ಒಂದು ನದಿ, ಮೇಲೆ ನಾಲ್ಕು ಹಕ್ಕಿ. ನೀವೂ ಇದನ್ನು ಬರೆದಿರುತ್ತೀರಿ, ನಾನೂ ಬರೆದಿದ್ದೇನೆ.

ಹಾಳೆ ಹಿಡಿದುಕೊಂಡು ಮಹಡಿಗೆ ಹೋದಳು. ಪಶ್ಚಿಮಕ್ಕೆ ತಿರುಗಿದರೆ ಎದುರಿಗೆ ಸ್ಕಂದಗಿರಿ, ಎಡಕ್ಕೆ ನಂದಿ ಬೆಟ್ಟ. ಒಂದು ಸಲ ಬೆಟ್ಟ ನೋಡಿದಳು, ಒಂದು ಸಲ ಹಾಳೆ ನೋಡಿದಳು. "ಮಾಮ, ನಂದು ಬೆಟ್ಟದ ಥರಾನೇ ಇಲ್ವಲ್ಲ?"

ಈ ಪ್ರಶ್ನೆ ಈಗ ಅವಳೊಬ್ಬಳದೇ ಅಲ್ಲ. ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ನೋಡಿ ಬಣ್ಣ ತರಿಸಿಕೊಂಡ ದೊಡ್ಡವರೂ ಇದನ್ನೇ ಕೇಳುತ್ತಾರೆ. ವಿಡಿಯೊದಲ್ಲಿ ಬ್ರಷ್ ಹೀಗೆ ಹೋಗಿ ಹಾಗೆ ಬಂದರೆ ಮಂಜಿನ ಬೆಟ್ಟ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಅದನ್ನೇ ಮಾಡಿದರೆ ಹಾಳೆ ಹಪ್ಪಳದ ಹಾಗೆ ಸುರುಳಿ ಸುತ್ತಿ, ಮಧ್ಯದಲ್ಲಿ ಕೆಸರಿನ ಗುಂಡಿ ಉಳಿಯುತ್ತದೆ. ಕೈ ಸರಿಯಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಕೈ ಅಲ್ಲ, ನೀರಿನ ಲೆಕ್ಕ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆ ಬೋರ್‌ವೆಲ್ ನೆಚ್ಚಿಕೊಂಡ ಜಿಲ್ಲೆ ನಮ್ಮದು. ನೀರಿನ ಲೆಕ್ಕ ನಮಗೆ ಹೊಸದಲ್ಲ. ಅದನ್ನೇ ಹಾಳೆ ಮೇಲೆ ಹಾಕಬೇಕು, ಅಷ್ಟೆ.

ಡಬ್ಬಿಯೊಳಗೆ ಏನಿದೆ?

ವಾಟರ್ ಕಲರ್ ಅಂದರೆ ಮುಖ್ಯವಾಗಿ ಎರಡು ಸಾಮಾನು. ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಹಾಳೆಗೆ ಹಿಡಿಸುವ ಅಂಟು. ಈ ಅಂಟು ಬರುವುದು ಜಾಲಿ ಜಾತಿಯ ಮರಗಳಿಂದ. ಬಾಣಂತಿಯರಿಗೆ ಅಂಟಿನುಂಡೆ ಕಟ್ಟುತ್ತಾರಲ್ಲ, ಆ ಬಳಗದ್ದೇ. ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಹಾಗಾಗಿಯೇ ವರ್ಷಗಟ್ಟಲೆ ಒಣಗಿ ಕೂತ ಬಿಲ್ಲೆಗೂ ಒದ್ದೆ ಬ್ರಷ್ ಉಜ್ಜಿದರೆ ಬಣ್ಣ ಏಳುತ್ತದೆ. ತಟ್ಟೆಯಲ್ಲಿ ಮಿಕ್ಕಿದ್ದನ್ನು ತೊಳೆದು ಚೆಲ್ಲಬೇಡಿ, ನಾಳೆಗೂ ಬರುತ್ತದೆ.

ಸ್ಕೂಲಿನಲ್ಲಿ ಬಳಸುವ ಪೋಸ್ಟರ್ ಕಲರ್ ಗೋಡೆಗೆ ಹೊಡೆದ ಸುಣ್ಣದ ಹಾಗೆ. ಕೆಳಗೆ ಏನಿದ್ದರೂ ಮುಚ್ಚಿಬಿಡುತ್ತದೆ. ವಾಟರ್ ಕಲರ್ ತೆಳು ಸೀರೆಯ ಸೆರಗಿನ ಹಾಗೆ. ಬೆಳಕು ಬಣ್ಣದೊಳಗೆ ಇಳಿದು, ಕೆಳಗಿನ ಬಿಳಿ ಹಾಳೆಗೆ ಬಡಿದು, ಮತ್ತೆ ಬಣ್ಣದ ಮೂಲಕವೇ ಕಣ್ಣಿಗೆ ಬರುತ್ತದೆ. ಚೆನ್ನಾಗಿ ಬಂದ ಚಿತ್ರ ಒಳಗಿನಿಂದ ಬೆಳಗಿದ ಹಾಗೆ ಕಾಣುವುದು ಇದಕ್ಕೇ.

ಇದರಿಂದ ಎರಡು ವಿಷಯ ಹುಟ್ಟುತ್ತವೆ. ಒಂದು, ಬಿಳಿ ಬಣ್ಣ ಹಚ್ಚುವುದಿಲ್ಲ, ಬಿಡುತ್ತೇವೆ. ಮೋಡ, ಮಂಜು, ಕೆರೆಯ ಹೊಳಪು ಎಲ್ಲವೂ ಖಾಲಿ ಹಾಳೆಯೇ. ಎರಡು, ತಿಳಿಯಿಂದ ಗಾಢಕ್ಕೆ ಹೋಗಬೇಕು. ಸಾರಿಗೆ ಉಪ್ಪು ಸಾಲದಿದ್ದರೆ ಆಮೇಲೆ ಹಾಕಿಕೊಳ್ಳಬಹುದು, ಜಾಸ್ತಿ ಆದದ್ದನ್ನು ತೆಗೆಯುವುದು ಕಷ್ಟ ಅಲ್ವಾ? ಇದೂ ಹಾಗೆಯೇ. ಆಕಾಶ ಮೊದಲು, ದೂರದ ಬೆಟ್ಟ ಆಮೇಲೆ, ಹತ್ತಿರದ ಗಿಡ ಕೊನೆಗೆ. ಅದೃಷ್ಟಕ್ಕೆ ಬೆಟ್ಟದ ನೋಟವೂ ಇದೇ ಕ್ರಮದಲ್ಲಿ ಇರುತ್ತದೆ.

ದೂರದ ಬೆಟ್ಟ ಯಾಕೆ ನುಣ್ಣಗೆ?

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಇದೆ. ಹೊರಗಿನಿಂದ ನೋಡಿ ಮೋಸ ಹೋಗಬೇಡ ಅಂತ ಹೇಳಲು ಬಳಸುತ್ತೇವೆ. ಚಿತ್ರ ಬರೆಯುವವರು ಮಾತ್ರ ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕು.

ನಂದಿ ಬೆಟ್ಟ ಚಿಕ್ಕಬಳ್ಳಾಪುರದಿಂದ ನೇರ ಗೆರೆ ಎಳೆದರೆ ಎಂಟೊಂಬತ್ತು ಕಿಲೋಮೀಟರ್. ಹತ್ತಿರ ಹೋದರೆ ಅದೂ ಕಲ್ಲು, ಪೊದೆ, ಮರ, ಹುಲ್ಲು. ಊರಿನಿಂದ ನೋಡಿದರೆ ಒಂದೇ ಬೂದುನೀಲಿ ತುಂಡು. ಏನಾಯಿತು? ನಡುವೆ ಗಾಳಿ ಇದೆ. ಗಾಳಿ ಖಾಲಿ ಅಂತ ನಮಗೆ ಅನ್ನಿಸುತ್ತದೆ, ಆದರೆ ಬಿಸಿಲು ಬಿದ್ದಾಗ ಅದರ ಕಣಗಳು ಬೆಳಕನ್ನು ಚೆದುರಿಸುತ್ತವೆ. ಎಲ್ಲ ಬಣ್ಣವನ್ನೂ ಒಂದೇ ಸಮ ಚೆದುರಿಸುವುದಿಲ್ಲ. ನೀಲಿ ಬೆಳಕು ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಚೆದುರುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರ‍್ಯಾಲಿ ಇದರ ಲೆಕ್ಕವನ್ನು 1871ರಲ್ಲಿ ಕೊಟ್ಟರು. ಆಕಾಶ ನೀಲಿ ಆಗಿರುವುದಕ್ಕೂ ಇದೇ ಕಾರಣ. ಅಂದರೆ ನಮಗೂ ನಂದಿಗೂ ನಡುವೆ ಒಂದು ತುಂಡು ಆಕಾಶವೇ ನಿಂತಿದೆ. ನಾವು ಬೆಟ್ಟವನ್ನು ಅದರ ಮೂಲಕ ನೋಡುತ್ತೇವೆ.

ಸೊಳ್ಳೆ ಪರದೆ ಒಂದು ಪದರ ಇದ್ದರೆ ಆಚೆ ಕೂತವರ ಮುಖ ಕಾಣುತ್ತದೆ. ನಾಲ್ಕು ಪದರ ಮಡಚಿದರೆ ಬರೀ ಆಕಾರ. ಗಾಳಿಯ ಪರದೆಯೂ ಹಾಗೆ, ದೂರ ಹೆಚ್ಚಿದಷ್ಟೂ ಪದರ ಹೆಚ್ಚು. ಮೊದಲು ಬಲಿಯಾಗುವುದು ಕಪ್ಪು. ಹತ್ತಿರದ ಹೊಂಗೆ ಮರದ ನೆರಳು ಕಪ್ಪಗಿರುತ್ತದೆ, ಅದೇ ನೆರಳು ದೂರದ ಬೆಟ್ಟದಲ್ಲಿ ತಿಳಿ ನೀಲಿ. ಆಮೇಲೆ ವಿವರ ಹೋಗುತ್ತದೆ, ಆಮೇಲೆ ಹಸಿರು ಹೋಗುತ್ತದೆ. ಕೊನೆಗೆ ಆಕಾರ ಒಂದೇ ಉಳಿಯುತ್ತದೆ.

ಮಂಜು, ಧೂಳು ಇದ್ದರೆ ಕತೆ ಬೇರೆ. ನೀರಿನ ಹನಿ, ಧೂಳಿನ ಕಣ ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚೂಕಮ್ಮಿ ಸಮವಾಗಿ ಚೆದುರಿಸುತ್ತವೆ. ಆಗ ಬೆಟ್ಟ ನೀಲಿಗಿಂತ ಬಿಳಿಚಿಕೊಳ್ಳುತ್ತದೆ. ಚಳಿಗಾಲದ ಬೆಳಗ್ಗೆ ಮಂಜು ತಗ್ಗಿನಲ್ಲಿ ಕೂತಿರುತ್ತದೆ. ಹಾಗಾಗಿ ಬೆಟ್ಟದ ತಲೆ ಗಾಢ, ಬುಡ ಮಾಯ. ಬುಡವೇ ಗಟ್ಟಿಯಾಗಿರಬೇಕು ಅಂತ ನಮ್ಮ ಬುದ್ಧಿ ಹೇಳುತ್ತದೆ, ಕಣ್ಣು ಬೇರೆ ಹೇಳುತ್ತದೆ. ಕಣ್ಣನ್ನು ನಂಬಿ.

ಪುಟ್ಟಿಯ ಚಿತ್ರ ಬೆಟ್ಟದ ಥರ ಕಾಣದಿದ್ದದ್ದು ಇಲ್ಲೇ. ಎರಡೂ ತ್ರಿಕೋನಕ್ಕೆ ಒಂದೇ ದಪ್ಪ ಕಂದು ಹಚ್ಚಿದ್ದಳು. ನಡುವೆ ಗಾಳಿಯೇ ಇರಲಿಲ್ಲ.

ನೀರಿನ ಮೊದಲ ಲೆಕ್ಕ: ತಟ್ಟೆಯಲ್ಲಿ

ಗಾಳಿಯನ್ನು ಬರೆಯುವುದು ಹೇಗೆ? ನೀರಿನಿಂದ. ದೂರ ಹೆಚ್ಚಿದಷ್ಟೂ ಬಣ್ಣಕ್ಕೆ ನೀರು ಹೆಚ್ಚು.

ಅಳತೆಗೆ ಅಡುಗೆಮನೆ ಸಾಕು. ಅತಿ ದೂರದ ಸಾಲಿಗೆ ನೀರುಮಜ್ಜಿಗೆಯ ಹದ. ತಟ್ಟೆ ಓರೆ ಮಾಡಿದರೆ ಸರಕ್ಕನೆ ಓಡಬೇಕು, ಹಿಂದೆ ತಟ್ಟೆಯ ಬಿಳಿ ಕಾಣಬೇಕು. ನಡುವಿನ ಸಾಲಿಗೆ ಹಾಲಿನ ಹದ. ಓಡುತ್ತದೆ, ಆದರೆ ತಟ್ಟೆಗೆ ಒಂದು ತೆಳು ಪೊರೆ ಉಳಿಯುತ್ತದೆ. ಹತ್ತಿರದ ಬಂಡೆಗೆ, ಮರಕ್ಕೆ ಗಟ್ಟಿ ಮೊಸರಿನ ಹದ. ಓರೆ ಮಾಡಿದರೂ ಬೇಗ ಜಾರುವುದಿಲ್ಲ.

ಹೊಸಬರು ಮೂರಕ್ಕೂ ಹಾಲಿನ ಹದದಲ್ಲೇ ಇರುತ್ತಾರೆ. ದೂರದ್ದಕ್ಕೆ ಇಷ್ಟು ತೆಳುವಾಗಿ ಹಚ್ಚಲು ಭಯ, ಹತ್ತಿರದ್ದಕ್ಕೆ ಅಷ್ಟು ದಪ್ಪ ತೆಗೆದುಕೊಳ್ಳಲು ಜಿಪುಣತನ. ಚಿತ್ರ ಎಲ್ಲ ಒಂದೇ ದೂರದಲ್ಲಿ ನಿಂತುಬಿಡುತ್ತದೆ.

ಇಲ್ಲಿ ಒಂದು ಮೋಸವೂ ಇದೆ. ಮಳೆ ಬಿದ್ದ ಕೆಂಪು ಮಣ್ಣು ಎಷ್ಟು ಗಾಢ ಇರುತ್ತದೆ, ಮಧ್ಯಾಹ್ನ ಒಣಗಿದ ಮೇಲೆ ಎಷ್ಟು ಪೇಲವ! ಬಣ್ಣವೂ ಹಾಗೆ. ಹಚ್ಚಿದಾಗ ಕಂಡದ್ದಕ್ಕಿಂತ ಒಣಗಿದಾಗ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಆದ್ದರಿಂದ ಹತ್ತಿರದ ಬೆಟ್ಟಕ್ಕೆ ಹಚ್ಚುವಾಗ 'ಅಯ್ಯೋ, ಜಾಸ್ತಿ ಆಯ್ತು' ಅನ್ನಿಸಿದರೆ ಸಾಮಾನ್ಯವಾಗಿ ಸರಿಯಾಗಿದೆ ಅಂತಲೇ ಅರ್ಥ.

ಎರಡನೇ ಲೆಕ್ಕ: ಹಾಳೆಯ ಮೇಲೆ

ತಟ್ಟೆಯ ನೀರಿಗಿಂತ ಹಾಳೆಯ ನೀರು ಜಾಸ್ತಿ ಆಟ ಆಡಿಸುತ್ತದೆ. ಒದ್ದೆ ಹಾಳೆ ಒಣಗುವಾಗ ಮೂರು ಹಂತ ದಾಟುತ್ತದೆ. ಕಣ್ಣಿನ ಮಟ್ಟಕ್ಕೆ ಬಗ್ಗಿ ಓರೆಯಾಗಿ ನೋಡಿದರೆ ತಿಳಿಯುತ್ತದೆ.

ಮೊದಲು ಹಾಳೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಆಗ ಬಣ್ಣ ಮುಟ್ಟಿಸಿದರೆ ಹೊಗೆಯ ಹಾಗೆ ಹರಡಿಕೊಳ್ಳುತ್ತದೆ. ಆಕಾಶಕ್ಕೆ, ಮೋಡಕ್ಕೆ, ಮಂಜಿಗೆ ಇದೇ ಹೊತ್ತು. ಆಮೇಲೆ ಹೊಳಪು ಹೋಗುತ್ತದೆ, ಆದರೆ ಪಸೆ ಇರುತ್ತದೆ. ಕೈಯ ಹಿಂಬದಿ ಮುಟ್ಟಿಸಿದರೆ ತಣ್ಣಗಿರುತ್ತದೆ. ಈಗ ಗಟ್ಟಿ ಬಣ್ಣ ಇಟ್ಟರೆ ಅಂಚು ಸ್ವಲ್ಪವೇ ಮೆತ್ತಗಾಗಿ ನಿಲ್ಲುತ್ತದೆ. ಮಂಜಿನಲ್ಲಿ ಅರ್ಧ ಕಾಣುವ ನೀಲಗಿರಿ ತೋಪಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಕೊನೆಗೆ ಪೂರ್ತಿ ಒಣ. ಈಗ ಹಾಕಿದ ಗೆರೆ ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ. ಬೆಟ್ಟದ ನೆತ್ತಿಯ ಗೆರೆ ಬೇಕಾದರೆ ಇಲ್ಲಿಯವರೆಗೆ ಕಾಯಲೇಬೇಕು.

ಅಪಾಯ ಇರುವುದು ಪಸೆಯ ಹಂತದಲ್ಲಿ. ಒಮ್ಮೆ ಡಿಸೆಂಬರಿನಲ್ಲಿ ಬೆಳಗಿನ ಜಾವ ನಂದಿಯ ಮೇಲೆ ಕೂತು ಬರೆಯುತ್ತಿದ್ದೆ. ಸುತ್ತ ಮೋಡ, ಬೆರಳು ಮರಗಟ್ಟಿತ್ತು. ಆಕಾಶ ಚೆನ್ನಾಗಿ ಬಂದಿತ್ತು. ಇಪ್ಪತ್ತು ನಿಮಿಷ ಕಾದರೂ ಹಾಳೆ ಒಣಗಲಿಲ್ಲ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಹಾಳೆಯ ನೀರು ಎಲ್ಲಿಗೆ ಹೋಗಬೇಕು? ತಾಳ್ಮೆ ಕೆಟ್ಟು ತುಂಬ ನೀರಿದ್ದ ಬ್ರಷ್‌ನಿಂದ ಬೆಟ್ಟದ ಗೆರೆ ಎಳೆದೆ. ನೋಡನೋಡುತ್ತಿದ್ದ ಹಾಗೆ ಆಕಾಶದೊಳಗೆ ಒಂದು ದೊಡ್ಡ ಹೂಕೋಸು ಅರಳಿತು. ಪಕ್ಕದಲ್ಲಿ ನಿಂತಿದ್ದವರೊಬ್ಬರು "ಸಾರ್, ಮೋಡ ಸೂಪರ್" ಅಂದರು. ನಾನು ಸುಮ್ನೆ ಇದ್ದೆ.

ಹೂಕೋಸು ಅರಳುವುದಕ್ಕೆ ಕಾರಣ ಸರಳ. ಹಾಳೆಯಲ್ಲಿ ನೀರು ಕಡಿಮೆ, ಬ್ರಷ್‌ನಲ್ಲಿ ಜಾಸ್ತಿ. ಜಾಸ್ತಿ ಇರುವ ಕಡೆಯಿಂದ ನೀರು ಕಡಿಮೆ ಇರುವ ಕಡೆಗೆ ನುಗ್ಗುತ್ತದೆ. ನುಗ್ಗುವಾಗ ಅರೆಬರೆ ಕೂತಿದ್ದ ಬಣ್ಣದ ಪುಡಿಯನ್ನೂ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಹಾಗಾಗಿ ಪಾಲಿಸಬೇಕಾದ ನಿಯಮ ಒಂದೇ: ಪಸೆ ಇರುವ ಹಾಳೆಗೆ ಹೋಗುವ ಬ್ರಷ್‌ನಲ್ಲಿ ಹಾಳೆಗಿಂತ ಕಡಿಮೆ ನೀರಿರಬೇಕು. ಬ್ರಷ್ ಅದ್ದಿದ ಮೇಲೆ ಹಳೇ ಬನಿಯನ್ ಬಟ್ಟೆಗೆ ಒಮ್ಮೆ ಒತ್ತಿ. ಬಟ್ಟೆ ಇಲ್ಲದೆ ಬರೆಯಲು ಕೂರಲೇಬೇಡಿ. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಬ್ರಷ್.

ಒಣಗಿದ ಬಣ್ಣದ ಸುತ್ತ ಗಾಢವಾದ ಒಂದು ಗೆರೆ ಕೂರುವುದನ್ನು ನೋಡಿರುತ್ತೀರಿ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿಯೂ ಹೀಗೇ ಉಂಗುರವಾಗಿ ಒಣಗುತ್ತದೆ. ಹನಿಯ ಅಂಚು ಬೇಗ ಒಣಗುತ್ತದೆ. ಆ ನಷ್ಟ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಜೊತೆಗೆ ಪುಡಿಯೂ ಹೋಗುತ್ತದೆ. ಶಿಕಾಗೋದ ವಿಜ್ಞಾನಿಗಳು ಇದನ್ನು ಬಿಡಿಸಿ ಹೇಳಿದ್ದು 1997ರಲ್ಲಿ. ಕಲಾವಿದರು ಅದಕ್ಕೂ ಮೊದಲೇ, ಕಾರಣ ಕೇಳದೆ, ಬಂಡೆಯ ಅಂಚಿಗೆ ಬಳಸಿಕೊಳ್ಳುತ್ತಿದ್ದರು.

ದೊಡ್ಡ ಜಾಗಕ್ಕೆ ಒಂದೇ ಸಮ ಬಣ್ಣ ಹರಡುವುದಕ್ಕೆ ವಾಶ್ ಅನ್ನುತ್ತಾರೆ. ಅಂಗಳಕ್ಕೆ ಸಗಣಿ ಸಾರಿಸಿದವರಿಗೆ ಇದು ಗೊತ್ತು. ಒಂದು ಮೂಲೆಯಿಂದ ಶುರು, ಹಿಂದೆ ಹಿಂದೆ ಬರುವುದು. ಒದ್ದೆ ಅಂಚನ್ನು ಒಣಗಲು ಬಿಡಬಾರದು, ಸಾರಿಸಿದ ಕಡೆ ಮತ್ತೆ ಕಾಲಿಡಬಾರದು. ಹಾಳೆಯಲ್ಲೂ ಅಷ್ಟೇ. ಹಲಗೆಯನ್ನು ಸ್ವಲ್ಪ ಓರೆ ಇಟ್ಟರೆ ಪ್ರತಿ ಎಳೆತದ ಕೆಳಗೂ ನೀರಿನ ಒಂದು ಸಣ್ಣ ಕಟ್ಟೆ ನಿಲ್ಲುತ್ತದೆ. ಮುಂದಿನ ಎಳೆತ ಆ ಕಟ್ಟೆಯನ್ನು ಕೆಳಗೆ ಇಳಿಸಿಕೊಂಡು ಹೋಗಬೇಕು. ಬಿಟ್ಟುಹೋದ ಬಿಳಿ ಚುಕ್ಕೆ ಕಂಡರೆ ವಾಪಸ್ ಹೋಗಿ ತಿದ್ದಬೇಡಿ. ಹಕ್ಕಿ ಅಂದುಕೊಳ್ಳಿ.

ಹಾಳೆಗೆ ದುಡ್ಡು ಹಾಕಿ

ಬಣ್ಣ ಸಾಧಾರಣದ್ದು ಇದ್ದರೂ ನಡೆಯುತ್ತದೆ, ಬ್ರಷ್ ಎರಡೇ ಇದ್ದರೂ ನಡೆಯುತ್ತದೆ. ಹಾಳೆಯಲ್ಲಿ ಉಳಿತಾಯ ಮಾಡಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಹಾಳೆಯ ದಪ್ಪವನ್ನು ಜಿಎಸ್‌ಎಂ ಅಂತ ಹೇಳುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಜೆರಾಕ್ಸ್ ಹಾಳೆ 70 ಅಥವಾ 80. ವಾಟರ್ ಕಲರ್‌ಗೆ ಬೇಕಾದ್ದು 300. ನೀರು ಕುಡಿದ ನಾರು ಉಬ್ಬುತ್ತದೆ, ಉಬ್ಬಿದ ಕಡೆ ಹಾಳೆ ಏಳುತ್ತದೆ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ದಪ್ಪ ಹಾಳೆ ಇದನ್ನು ತಡೆದುಕೊಳ್ಳುತ್ತದೆ. ನಾಲ್ಕು ಕಡೆಯೂ ಟೇಪ್ ಹಾಕಿ ಹಲಗೆಗೆ ಬಿಗಿದರೆ ಇನ್ನೂ ಒಳ್ಳೆಯದು.

ದಪ್ಪ ಒಂದೇ ಸಾಲದು. ಒಳ್ಳೆಯ ಹಾಳೆಗೆ ಜೆಲಟಿನ್‌ನಂಥ ವಸ್ತುವಿನ ಲೇಪ ಇರುತ್ತದೆ. ಸೀರೆಗೆ ಗಂಜಿ ಹಾಕಿದ ಹಾಗೆ. ಅದು ನೀರನ್ನು ಒಂದಷ್ಟು ಹೊತ್ತು ಮೇಲೆಯೇ ಹಿಡಿದಿಡುತ್ತದೆ. ಲೇಪ ಇಲ್ಲದ ಹಾಳೆ ಬತ್ತಿಯ ಹಾಗೆ ಹೀರಿಕೊಂಡುಬಿಡುತ್ತದೆ, ಆ ಮೂರು ಹಂತಗಳು ಬರುವುದೇ ಇಲ್ಲ. ಒಂದು ಅಂಗಡಿಯಲ್ಲಿ 'ವಾಟರ್ ಕಲರ್ ಪ್ಯಾಡ್' ಅಂತ ರಟ್ಟಿನ ಮೇಲೆ ಅಚ್ಚಾಗಿದ್ದನ್ನು ನಂಬಿ ತಂದಿದ್ದೆ. ಎರಡನೇ ವಾಶ್‌ಗೆ ಹಾಳೆ ಚರ್ಮ ಸುಲಿದ ಹಾಗೆ ಎದ್ದಿತು. ಅಂದಿನಿಂದ ಪ್ಯಾಡ್ ಮೇಲಿನ ಹೂವಿನ ಚಿತ್ರ ನೋಡುವುದಿಲ್ಲ, 300 ಅನ್ನುವ ಅಂಕೆ ನೋಡುತ್ತೇನೆ. ಹತ್ತಿ ನಾರಿನ ಹಾಳೆ ಅಂತ ಬರೆದಿದ್ದರೆ ಇನ್ನೂ ಸಂತೋಷ. ಮರದ ನಾರಿಗಿಂತ ಅದು ಉಜ್ಜಾಟ ತಡೆಯುತ್ತದೆ, ಒಂದೇ ಸಮ ಒಣಗುತ್ತದೆ. ಬೆಲೆ ಮಾತ್ರ ಜಾಸ್ತಿ. ದೊಡ್ಡದೊಂದು ಹಾಳೆ ತಂದು ನಾಲ್ಕು ತುಂಡು ಮಾಡಿಕೊಳ್ಳಿ.

ಮೇಲ್ಮೈ ಮೂರು ಬಗೆ: ಇಸ್ತ್ರಿ ಹೊಡೆದ ಹಾಗೆ ನಯ, ನಡುತರ, ಒರಟು. ಬೆಟ್ಟಕ್ಕೆ ನಡುತರದ್ದು ಸಾಕು. ಪೊಟ್ಟಣದ ಮೇಲೆ ಕೋಲ್ಡ್ ಪ್ರೆಸ್ ಅಂತ ಇರುತ್ತದೆ.

ಮೂರು ಬಣ್ಣ, ಎರಡು ಮಣ್ಣಿನ ಕತೆ

ಇಪ್ಪತ್ನಾಲ್ಕು ಬಣ್ಣದ ಡಬ್ಬಿ ನೋಡಲು ಚೆಂದ. ಬೆಟ್ಟಕ್ಕೆ ಮೂರು ಸಾಕು, ಬೇಕಾದರೆ ಒಂದು ಹಸಿರು.

ಮೊದಲನೆಯದು ಅಲ್ಟ್ರಾಮರೀನ್ ನೀಲಿ. ಹಿಂದೆ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿ ನೆನಪಿದೆಯಾ? ಅದೇ ಇದು. ಒಂದು ಕಾಲಕ್ಕೆ ಆಫ್ಘಾನಿಸ್ತಾನದ ಲ್ಯಾಪಿಸ್ ಕಲ್ಲನ್ನು ಅರೆದು ಮಾಡುತ್ತಿದ್ದರು. ಯುರೋಪಿಗೆ ಸಮುದ್ರದ ಆಚೆಯಿಂದ ಬಂದದ್ದಕ್ಕೇ ಆ ಹೆಸರು. ಬಂಗಾರದ ಬೆಲೆ ಬಾಳುತ್ತಿತ್ತು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕೃತಕವಾಗಿ ತಯಾರಿಸಿದ ಮೇಲೆ ಅಗಸರ ಬಾನಿಗೂ ಬಂತು. ಇದರ ಕಣಗಳು ಹಾಳೆಯ ತಗ್ಗುಗಳಲ್ಲಿ ಕೂತು ಸಣ್ಣ ಚುಕ್ಕೆ ಚುಕ್ಕೆ ಮೂಡಿಸುತ್ತವೆ. ಕಲ್ಲಿನ ಬೆಟ್ಟಕ್ಕೆ ಅದು ಬಿಟ್ಟಿ ಸಿಕ್ಕ ಲಾಭ. ಟ್ಯೂಬಿನ ಮೇಲೆ ಪಿಬಿ29 ಅಂತ ಸಂಕೇತ ಇದ್ದರೆ ಕಂಪನಿ ಯಾವುದಾದರೂ ವಸ್ತು ಅದೇ.

ಎರಡನೆಯದು ಯೆಲ್ಲೋ ಆಕರ್, ಅಂದರೆ ಹಳದಿ ಮಣ್ಣು. ಮೂರನೆಯದು ಬರ್ನ್ಟ್ ಸಿಯೆನಾ. ಇಟಲಿಯ ಸಿಯೆನಾ ಊರಿನ ಹಳದಿಗಂದು ಮಣ್ಣನ್ನು ಸುಟ್ಟು ಮಾಡಿದ್ದು. ಸುಟ್ಟರೆ ಕೆಂಪಾಗುವುದು ಯಾಕೆ ಅಂತ ಕೋಲಾರ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ನಡೆಯುವುದೂ ಅದೇ. ಮಣ್ಣಿನ ಕಬ್ಬಿಣದಲ್ಲಿ ಸೇರಿಕೊಂಡಿದ್ದ ನೀರು ಬೆಂಕಿಗೆ ಹಾರಿಹೋಗಿ ಕೆಂಪು ಉಳಿಯುತ್ತದೆ.

ಜಾದೂ ಇರುವುದು ನೀಲಿ ಮತ್ತು ಈ ಸುಟ್ಟ ಮಣ್ಣಿನ ಜೋಡಿಯಲ್ಲಿ. ಎರಡೂ ಒಂದನ್ನೊಂದು ತಿಂದು ಬೂದು ಬಣ್ಣ ಕೊಡುತ್ತವೆ. ನೀಲಿ ಜಾಸ್ತಿಯಾದರೆ ದೂರದ ಬೆಟ್ಟದ ತಣ್ಣನೆ ಬೂದು, ಮಣ್ಣು ಜಾಸ್ತಿಯಾದರೆ ಬಿಸಿಲಿಗೆ ಕಾದ ಬಂಡೆ. ನೀರು ಕಡಿಮೆ ಮಾಡಿದರೆ ಕಪ್ಪಿಗೆ ಹತ್ತಿರ. ಡಬ್ಬಿಯ ಕಪ್ಪನ್ನು ಮುಟ್ಟಬೇಡಿ, ಬೆಟ್ಟಕ್ಕೆ ಇದ್ದಿಲು ಬಳಿದ ಹಾಗೆ ಆಗುತ್ತದೆ. ಇದು ನನ್ನ ಅಭಿಪ್ರಾಯ ಅಂತಲೇ ಇಟ್ಟುಕೊಳ್ಳಿ. ಕಪ್ಪು ಬಳಸುವ ಒಳ್ಳೆಯ ಕಲಾವಿದರೂ ಇದ್ದಾರೆ.

ಒಂದು ಸಂಜೆ, ಕೆರೆ ಏರಿ ಮೇಲೆ

ಇಷ್ಟು ಹೇಳಿದ ಮೇಲೆ ಪುಟ್ಟಿಯನ್ನು ಕಂದವಾರ ಕೆರೆ ಏರಿಗೆ ಕರೆದುಕೊಂಡು ಹೋದೆ. ಸಂಜೆಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಚಿಕ್ಕಬಳ್ಳಾಪುರಕ್ಕೆ ಬೆಟ್ಟ ಪಶ್ಚಿಮಕ್ಕೆ. ಬೆಳಗ್ಗೆ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಬೆಟ್ಟದ ಮುಖಕ್ಕೆ ಹೊಡೆಯುತ್ತಾನೆ, ಒಂದೊಂದು ಬಂಡೆಯೂ ಎದ್ದು ಕಾಣುತ್ತದೆ, ಹೊಸಬರಿಗೆ ಗಾಬರಿ. ಸಂಜೆ ಸೂರ್ಯ ಬೆಟ್ಟದ ಹಿಂದೆ. ವಿವರ ಎಲ್ಲ ಅಳಿಸಿ, ಸಾಲು ಸಾಲು ಆಕಾರ ಮಾತ್ರ ಉಳಿಯುತ್ತದೆ.

ಹಾಳೆ ಸುಮಾರು 11 ಇಂಚಿಗೆ 15 ಇಂಚು. ಪೆನ್ಸಿಲ್‌ನಲ್ಲಿ ಬೆಟ್ಟದ ನೆತ್ತಿಯ ಗೆರೆ, ನೀರಿನ ಗೆರೆ, ಅಷ್ಟೆ. ಹಾಳೆಯ ಮೇಲಿನ ಅರ್ಧಕ್ಕೆ ಬರೀ ನೀರು ಹಚ್ಚಿಸಿದೆ. ಹೊಳಪು ಇರುವಾಗಲೇ ಬೆಟ್ಟದ ಹತ್ತಿರ ನೀರುಮಜ್ಜಿಗೆಯ ಹದದ ಹಳದಿ ಮಣ್ಣು, ಮೇಲ್ಗಡೆಯಿಂದ ನೀಲಿ. ಎರಡೂ ಸೇರುವ ಕಡೆ ಅಂಗುಲದಷ್ಟು ಖಾಲಿ ಬಿಡಬೇಕು. ಇಲ್ಲದಿದ್ದರೆ ಆಕಾಶ ಪಾಚಿ ಹಸಿರಾಗುತ್ತದೆ. ಅವಳು ಬಿಡಲಿಲ್ಲ, ಹಸಿರಾಯಿತು. ಬಟ್ಟೆಯಿಂದ ಒತ್ತಿ ತೆಗೆದೆವು. ಅಲ್ಲೊಂದು ಮೋಡ ಹುಟ್ಟಿತು.

ಏಪ್ರಿಲ್ ಬಿಸಿಗಾಳಿಗೆ ಬೇಗ ಒಣಗಿತು. ಆಮೇಲೆ ನಂದಿ. ನೀಲಿಗೆ ಚೂರೇ ಚೂರು ಸುಟ್ಟ ಮಣ್ಣು, ತುಂಬ ನೀರು. ನೆತ್ತಿಯ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆದು, ಕೆಳಗೆ ಬರುತ್ತಾ ಬ್ರಷ್‌ಗೆ ಬಣ್ಣದ ಬದಲು ಬರೀ ನೀರು. ಬುಡ ತಾನಾಗಿ ಮಂಜಿನಲ್ಲಿ ಕರಗಿತು. "ಮಾಮ, ಏನೂ ಕಾಣ್ತಾನೇ ಇಲ್ಲ, ಇಷ್ಟು ತೆಳ್ಳಗಾ?" ಅಂದಳು. ಇರಲಿ, ಕಾಯಿ ಅಂದೆ.

ಎರಡನೆಯದು ಸ್ಕಂದಗಿರಿ. ಅದು ಇನ್ನೂ ಹತ್ತಿರ. ಹಾಲಿನ ಹದ, ನೀಲಿ ಮತ್ತು ಮಣ್ಣು ಹೆಚ್ಚೂಕಮ್ಮಿ ಸಮ. ಇದರ ಗೆರೆ ನಂದಿಯ ಮಂಜಿನ ಬುಡಕ್ಕೆ ತಾಗಿದ್ದೇ ತಡ, ನಂದಿ ಹಿಂದಕ್ಕೆ ಸರಿದುಬಿಟ್ಟಿತು. ಪುಟ್ಟಿ "ಹಾ!" ಅಂದಳು. ಕೊಟ್ಟಿದ್ದು ಬರೀ ಒಂದು ಗಾಢ ಪಟ್ಟಿ, ದೂರವನ್ನು ಕಣ್ಣೇ ಹುಟ್ಟಿಸಿಕೊಂಡಿತು. ಇಡೀ ಚಿತ್ರದಲ್ಲಿ ನನಗೆ ಇವತ್ತಿಗೂ ಬೇಸರವಾಗದ ಕ್ಷಣ ಇದೊಂದೇ.

ಮೂರನೆಯದು ಬೆಟ್ಟದ ಬುಡದ ತೋಪು, ಹೊಲ, ದ್ರಾಕ್ಷಿ ತೋಟ. ಇಲ್ಲಿ ಹಸಿರಿಗೆ ಸುಟ್ಟ ಮಣ್ಣು ಸೇರಿಸಿದ ಮೊಸರಿನ ಹದ. ಡಬ್ಬಿಯ ಹಸಿರನ್ನು ಹಾಗೇ ಹಚ್ಚಿದರೆ ಪ್ಲಾಸ್ಟಿಕ್ ಹೂವಿನ ಎಲೆ ಆಗುತ್ತದೆ. ಕೆರೆಯ ನೀರಿಗೆ ಆಕಾಶದ್ದೇ ಬಣ್ಣ, ಅಡ್ಡಡ್ಡ ಎಳೆತ, ನಡುವೆ ಒಂದು ಗೆರೆ ಖಾಲಿ ಹಾಳೆ. ಆ ಗೆರೆಯೇ ಬೆಳಕು. ಕೊನೆಗೆ ಏರಿಯ ಮೇಲೆ ಒಂದು ಈಚಲು ಮರ. ಬ್ರಷ್‌ನ ನೀರು ಬಟ್ಟೆಗೆ ಒತ್ತಿ, ಬಹುತೇಕ ಒಣ ಬ್ರಷ್‌ನಲ್ಲಿ ಗರಿ. ಹಾಳೆಯ ಉಬ್ಬುಗಳಿಗೆ ಮಾತ್ರ ಬಣ್ಣ ತಾಗಿ ತಗ್ಗು ಬಿಳಿ ಉಳಿಯುತ್ತದೆ. ಬಂಡೆಗೂ ಇದೇ ಉಪಾಯ.

ನಮ್ಮ ಬೆಟ್ಟ ತ್ರಿಕೋನ ಅಲ್ಲ

ವಿಡಿಯೊಗಳಲ್ಲಿ ಬರುವ ಚೂಪು ಬೆಟ್ಟ ಆಲ್ಪ್ಸ್‌ನದು, ಹಿಮಾಲಯದ್ದು. ಅವು ವಯಸ್ಸಿನಲ್ಲಿ ಚಿಕ್ಕವು, ಹಿಮನದಿಗಳು ಕೆತ್ತಿದವು. ನಮ್ಮವು ಗ್ರಾನೈಟ್ ಜಾತಿಯ ಕಲ್ಲು. ಈ ಭಾಗದ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಭೂಮಿಯೊಳಗೆ ಒತ್ತಡದಲ್ಲಿದ್ದ ಕಲ್ಲು, ಮೇಲಿನ ಹೊರೆ ಸವೆದ ಮೇಲೆ ಹಿಗ್ಗಿ, ಈರುಳ್ಳಿಯ ಹಾಗೆ ಪದರ ಪದರವಾಗಿ ಕಳಚಿಕೊಳ್ಳುತ್ತದೆ. ಹಾಗಾಗಿ ಗುಂಡು ಬೆನ್ನು, ಸಪಾಟು ಇಳಿಜಾರು, ಬುಡದಲ್ಲಿ ಉರುಳಿ ಬಿದ್ದ ಗುಂಡುಗಳು. 1478 ಮೀಟರ್ ಎತ್ತರದ ನಂದಿ ದೂರದಿಂದ ಮಲಗಿದ ಬಸವನ ಹಾಗೆ ಕಾಣುತ್ತದೆ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಮಧುಗಿರಿಗೆ ಹೋದರೆ ಬೇರೆಯೇ ಪಾಠ. ಅಲ್ಲಿ ಇಡೀ ಬೆಟ್ಟವೇ ಒಂದು ಕಲ್ಲು. ಮಳೆ ನೀರು ಇಳಿದ ಕಡೆ ಉದ್ದುದ್ದ ಕಪ್ಪು ಗೆರೆ. ಮೊದಲು ತೆಳು ವಾಶ್ ಹಾಕಿ, ಪಸೆ ಇರುವಾಗ ಮೇಲಿನಿಂದ ಕೆಳಕ್ಕೆ ಗಟ್ಟಿ ಬಣ್ಣ ಎಳೆದರೆ ಆ ಗೆರೆಗಳು ನಿಜದಂತೆಯೇ ಇಳಿಯುತ್ತವೆ. ಕೋಲಾರದ ಅಂತರಗಂಗೆಯಲ್ಲಿ ಗುಂಡುಗಳ ರಾಶಿ. ಅಲ್ಲಿ ಕಲ್ಲು ಬರೆಯಬಾರದು, ಕಲ್ಲಿನ ಸಂದಿಯ ನೆರಳು ಬರೆಯಬೇಕು. ದೇವರಾಯನದುರ್ಗ ಮಳೆ ಬಂದ ಮೇಲೆ ಹಸಿರು, ಸುಲಭ ಅನ್ನಿಸುತ್ತದೆ. ಹಸಿರೇ ಎಲ್ಲಕ್ಕಿಂತ ಕಷ್ಟ ಅಂತ ಬರೆದಾಗಲೇ ಗೊತ್ತಾಗುವುದು.

ಹಿಂದೆ ಬರೆದವರು

ಬೆಟ್ಟ, ಮಂಜು, ವಾಟರ್ ಕಲರ್ ಅಂದರೆ ಕನ್ನಡಿಗರು ನೆನೆಯಬೇಕಾದ ಹೆಸರು ಕೆ. ವೆಂಕಟಪ್ಪ (1886–1965). ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟಾಗೋರರ ಹತ್ತಿರ ಕಲಿತವರು. ಅಬನೀಂದ್ರನಾಥರು ಜಪಾನಿನಿಂದ ಬಂದ ಕಲಾವಿದರನ್ನು ನೋಡಿ, ಬರೆದ ಹಾಳೆಯನ್ನೇ ನೀರಿನಲ್ಲಿ ಅದ್ದಿ ಮತ್ತೆ ಬರೆಯುವ ಪದ್ಧತಿ ರೂಢಿಸಿಕೊಂಡಿದ್ದರು. ವೆಂಕಟಪ್ಪನವರು ಊಟಿ, ಕೊಡೈಕನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಕಲಾ ಗ್ಯಾಲರಿಗೆ ಇವರದೇ ಹೆಸರು. ಅವರ ಮೂಲ ಚಿತ್ರ ಎದುರಿಗೆ ಸಿಕ್ಕರೆ ಬೆಟ್ಟ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಅಂತ ಹುಡುಕಿ.

ನಂದಿ ಬೆಟ್ಟದ ಆ ಬದಿಯ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯ (1910–1988) ಇನ್ನೊಂದು ದಾರಿಯವರು. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು. ನಿಸರ್ಗವನ್ನು, ಮುಖ್ಯವಾಗಿ ಹೂ ಬಿಟ್ಟ ಮರಗಳನ್ನು ಉಜ್ವಲ ಬಣ್ಣದಲ್ಲಿ ಬರೆದರು. ವೆಂಕಟಪ್ಪನವರಲ್ಲಿ ಮಂಜು, ಇವರಲ್ಲಿ ಬಿಸಿಲು.

ಹಾಳಾದ ಹಾಳೆ

ಹಾಳಾಗುವುದು ಖಂಡಿತ. ಕೆಲವನ್ನು ಉಳಿಸಬಹುದು. ಒಣಗಿದ ಬಣ್ಣ ಗಾಢವಾಯಿತು ಅನ್ನಿಸಿದರೆ ಅಂಟು ಇನ್ನೂ ಕರಗುತ್ತದೆ ಅನ್ನುವುದನ್ನು ನೆನೆಯಿರಿ. ಶುದ್ಧ ನೀರಿನ ಬ್ರಷ್‌ನಿಂದ ಮೆಲ್ಲಗೆ ಸವರಿ, ಬಟ್ಟೆಯಿಂದ ಒತ್ತಿದರೆ ಒಂದಷ್ಟು ಏಳುತ್ತದೆ. ಪೂರ್ತಿ ಬಿಳಿ ಬರುವುದಿಲ್ಲ. ಬೆಟ್ಟದ ಬುಡಕ್ಕೆ ಮಂಜು ಬೇಕಾದಾಗ ಬೇಕೆಂದೇ ಹೀಗೆ ಮಾಡುವವರಿದ್ದಾರೆ. ಬಣ್ಣ ಕೆಸರಾಗಿದ್ದರೆ ಕಾರಣ ಸಾಮಾನ್ಯವಾಗಿ ಎರಡು: ನಾಲ್ಕೈದು ಬಣ್ಣ ಬೆರೆಸಿದ್ದು, ಇಲ್ಲವೇ ಅರ್ಧ ಒಣಗಿದ ಕಡೆ ಮತ್ತೆ ಮತ್ತೆ ಕೆದಕಿದ್ದು. ತೊಳೆಯುವ ನೀರು ಎರಡು ಡಬ್ಬದಲ್ಲಿಡಿ. ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣಕ್ಕೆ ಬೆರೆಸಲು. ನಮ್ಮೂರ ಬೋರ್ ನೀರೇ ಸಾಕು, ಕೊಳೆಯಾಗಿರಬಾರದು ಅಷ್ಟೆ.

ಏನೂ ಮಾಡಲಾಗದ ಹಾಳೆಯನ್ನೂ ಎಸೆಯಬೇಡಿ. 300 ಜಿಎಸ್‌ಎಂ ಹಾಳೆಗೆ ಹಿಂಬದಿಯೂ ಇರುತ್ತದೆ. ಪುಟ್ಟಿಯ ಸ್ಕಂದಗಿರಿ ಈಗ ಅಕ್ಕನ ಮನೆಯ ಫ್ರಿಜ್ ಮೇಲೆ ಇದೆ. ಅಲ್ಲಿ ಫ್ಯಾನ್ ಹಾಕಿದಾಗ ಹಾಳೆ ಸ್ವಲ್ಪ ಏಳುತ್ತದೆ. ಹಿಂದುಗಡೆ ಎರಡು ತ್ರಿಕೋನ, ಅರ್ಧ ಸೂರ್ಯ, ನಾಲ್ಕು ಹಕ್ಕಿ ಕಾಣುತ್ತವೆ.